ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೋರೋಗದ ಲೆಕ್ಕ ಕಲಿಯಲು ಹೊರಟವರಿಗೆ

ಎರಡು ಸಂಚಿಕೆಗಳ ಹಿಂದೆ ಇದೇ ಪುಟದಲ್ಲಿ ಕಂಪ್ಯೂಟೇಶನಲ್ ಸೈಕಿಯಾಟ್ರಿ ಎಂಬ ಶಾಸ್ತ್ರದ ಪರಿಚಯ ಮಾಡಿಕೊಟ್ಟಿದ್ದೆ. ಮಿದುಳನ್ನು ಸದಾ ಲೆಕ್ಕ ಹಾಕುತ್ತಿರುವ ಒಂದು ಅಂಗವೆಂದು ಭಾವಿಸಿ, ಖಿನ್ನತೆ, ಗೀಳು, ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಲ್ಲಿ ಆ ಲೆಕ್ಕದ ಯಾವ ಹಂತ ಏರುಪೇರಾಗುತ್ತದೆ ಎಂಬುದನ್ನು ಗಣಿತದ ಮಾದರಿಗಳ ಮೂಲಕ ಹುಡುಕುವ ಕೆಲಸ ಅದು. ಬಂದ ಪತ್ರಗಳಲ್ಲಿ ಬಹುಪಾಲು ಆ ಶಾಸ್ತ್ರದೊಳಗೆ ಹೋಗುವ ಬಾಗಿಲಿನ ಬಗ್ಗೆ, ಅಂದರೆ ಪಿಎಚ್‌.ಡಿ. ಆದ ಮೇಲೆ ಪಡೆಯುವ ಪೋಸ್ಟ್‌ಡಾಕ್ ತರಬೇತಿಯ ಬಗ್ಗೆ ಇದ್ದವು. ನಾನೂ ಅದೇ ಬಾಗಿಲಲ್ಲಿ ಹಾದು ಬಂದವನಾದ್ದರಿಂದ ಆಯ್ದ ಏಳು ಪತ್ರಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಸಿಗ್ನಲ್ ಪ್ರೊಸೆಸಿಂಗ್ ವಿಷಯದಲ್ಲಿ ಪಿಎಚ್‌.ಡಿ. ಮುಗಿಸುತ್ತಿದ್ದೇನೆ. ಮನೋರೋಗಗಳ ಬಗ್ಗೆ ಓದಿದವನಲ್ಲ. ಪೋಸ್ಟ್‌ಡಾಕ್ ಆಗಿ ಈ ಕ್ಷೇತ್ರಕ್ಕೆ ಬಂದರೆ ನನಗೆ ನಿಜವಾಗಿ ಏನನ್ನು ಕಲಿಸುತ್ತಾರೆ?
(ಎಂಜಿನಿಯರ್, ಹುಬ್ಬಳ್ಳಿ)

ಉತ್ತರ: ಪಠ್ಯಕ್ರಮವಾಗಲಿ ಪರೀಕ್ಷೆಯಾಗಲಿ ಇಲ್ಲದ ತರಬೇತಿ ಇದು. ಹೀಗಾಗಿ ಏನು ಕಲಿಸುತ್ತಾರೆ ಎಂದು ಕೇಳುವುದಕ್ಕಿಂತ, ದಿನವಿಡೀ ಏನು ಮಾಡುತ್ತಾ ಕೂತಿರುತ್ತೀರಿ ಎಂದು ಕೇಳುವುದು ಮೇಲು. ಅದನ್ನು ನಿಮ್ಮ ಊರಿನ ಉದಾಹರಣೆಯಿಂದಲೇ ಹೇಳುತ್ತೇನೆ. ನಿಮ್ಮ ಓಣಿಯಲ್ಲಿ ಹೊಸ ಖಾನಾವಳಿಯೊಂದು ತೆರೆದಿದೆ, ಊಟ ಸಾಧಾರಣ ಇರಬಹುದೆಂದು ಎಣಿಸಿ ಮನಸ್ಸಿನಲ್ಲೇ 10ಕ್ಕೆ 5 ಅಂಕ ಕೊಟ್ಟು ಹೋಗುತ್ತೀರಿ ಎಂದಿಟ್ಟುಕೊಳ್ಳಿ. ಊಟ 9 ಅಂಕದಷ್ಟು ಚೆನ್ನಾಗಿತ್ತು. ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರ 4. ಈ ಅಂತರದಲ್ಲಿ ಎಷ್ಟು ಪಾಲನ್ನು ಹಳೆಯ ನಿರೀಕ್ಷೆಗೆ ಸೇರಿಸಿಕೊಳ್ಳುತ್ತೀರಿ ಎಂಬುದು ನಿಮ್ಮ ಕಲಿಕೆಯ ದರ. ಅದು 0.25 ಆಗಿದ್ದರೆ ನಾಳೆಯ ನಿರೀಕ್ಷೆ 6, 0.75 ಆಗಿದ್ದರೆ 8. ರೆಸ್ಕೋರ್ಲಾ ಮತ್ತು ವ್ಯಾಗ್ನರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಾಣಿಗಳ ಕಲಿಕೆಗಾಗಿ 1972ರಲ್ಲಿ ಬರೆದ ಸೂತ್ರದ ತಿರುಳು ಇಷ್ಟೇ.

ಈ ಪುಟ್ಟ ಸೂತ್ರ ಮನೋವೈದ್ಯಶಾಸ್ತ್ರದ ಅಂಗಳಕ್ಕೆ ಬಂದದ್ದು ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಮೂಲಕ. ಕೋತಿಯೊಂದಕ್ಕೆ ಅನಿರೀಕ್ಷಿತವಾಗಿ ಹಣ್ಣಿನ ರಸ ಕೊಟ್ಟಾಗ ಡೋಪಮೈನ್ ನರಕೋಶಗಳು ಚುರುಕಾಗುತ್ತವೆ. ರಸಕ್ಕೆ ಮುಂಚೆ ಪ್ರತಿ ಬಾರಿಯೂ ಒಂದು ಸೂಚನೆ ಬರುವುದನ್ನು ಕೋತಿ ಕಲಿತ ಮೇಲೆ ಆ ಚುರುಕು ರಸದಿಂದ ಸೂಚನೆಯ ಕ್ಷಣಕ್ಕೆ ಸರಿಯುತ್ತದೆ. ಸೂಚನೆ ಬಂದೂ ರಸ ಬಾರದಿದ್ದರೆ, ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಕೋಶಗಳು ತಣ್ಣಗಾಗುತ್ತವೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ದಾಖಲಿಸಿದ ಈ ವರ್ತನೆಯು ಮೇಲೆ ಹೇಳಿದ ಅಂತರದ ಲೆಕ್ಕಕ್ಕೆ ಹೊಂದುತ್ತದೆಂದು ಅವರೂ ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯೂ ಅವರೂ ಸೇರಿ 1997ರಲ್ಲಿ ಪ್ರಕಟಿಸಿದರು. 2017ರ ಬ್ರೈನ್ ಪ್ರಶಸ್ತಿ ಶುಲ್ಟ್ಸ್, ದಯಾನ್ ಮತ್ತು ರೇ ಡೋಲನ್ ಅವರಿಗೆ ಸಂದದ್ದು ಈ ಸಾಲಿನ ಕೆಲಸಕ್ಕೇ. ಹಾಗಾದರೆ ಯಾವುದರಲ್ಲೂ ರುಚಿ ಕಾಣದ ಖಿನ್ನತೆಯ ರೋಗಿಯಲ್ಲಿ ಕೆಟ್ಟಿರುವುದು ಯಾವುದು, ಸುಖವನ್ನು ಅನುಭವಿಸುವ ಶಕ್ತಿಯೋ, ಅದರಿಂದ ಕಲಿಯುವ ದರವೋ, ಅಥವಾ ಕಲಿತದ್ದನ್ನು ಆಯ್ಕೆಯಾಗಿ ಬಳಸುವ ಹಂತವೋ ಎಂದು ಬಿಡಿಸಿ ಕೇಳಲು ಈಗ ಸಾಧ್ಯವಾಯಿತು. ಮಾಂಟೆಗ್ಯೂ, ಡೋಲನ್, ದಯಾನ್ ಅವರು ಕಾರ್ಲ್ ಫ್ರಿಸ್ಟನ್ ಜೊತೆಗೂಡಿ 2012ರಲ್ಲಿ ಕಂಪ್ಯೂಟೇಶನಲ್ ಸೈಕಿಯಾಟ್ರಿ ಎಂಬ ಶೀರ್ಷಿಕೆಯಲ್ಲೇ ಬರೆದ ಲೇಖನದ ನಂತರ ಆ ಹೆಸರು ಬಳಕೆಗೆ ನಿಂತಿತು.

ನಿಮ್ಮ ದಿನಚರಿ ಇಲ್ಲಿಂದ ಶುರು. ರೋಗಿಗಳಿಗೆ ಆಟದಂಥ ಒಂದು ಪರೀಕ್ಷೆ ಕೊಟ್ಟು, ಅವರು ಒತ್ತಿದ ಗುಂಡಿಗಳ ಸಾಲಿನಿಂದ ಒಬ್ಬೊಬ್ಬರ ಕಲಿಕೆಯ ದರವನ್ನು ಲೆಕ್ಕ ಹಾಕಬೇಕು. ಕಂಪ್ಯೂಟರ್ ಯಾವತ್ತೂ ಒಂದು ಸಂಖ್ಯೆಯನ್ನು ಕೊಟ್ಟೇ ಕೊಡುತ್ತದೆ, ಅದು ಅರ್ಥವುಳ್ಳ ಸಂಖ್ಯೆಯೇ ಎಂಬುದು ಬೇರೆ ಮಾತು. ಅದಕ್ಕಾಗಿ ರೋಗಿಯ ಹತ್ತಿರ ಹೋಗುವ ಮೊದಲೇ ನಾವು ಸುಳ್ಳು ರೋಗಿಗಳನ್ನು ಸೃಷ್ಟಿಸುತ್ತೇವೆ. ಕಲಿಕೆಯ ದರ ಇಂತಿಷ್ಟೆಂದು ನಾವೇ ಗೊತ್ತುಮಾಡಿ, ಅದರಂತೆ ಆಡುವ ನೂರಾರು ಆಟಗಾರರನ್ನು ಕಂಪ್ಯೂಟರಿನಲ್ಲಿ ಆಡಿಸಿ, ಆ ಆಟದಿಂದ ಮತ್ತೆ ದರವನ್ನು ಲೆಕ್ಕ ಹಾಕಿದಾಗ ನಾವು ಇಟ್ಟ ಸಂಖ್ಯೆಯೇ ಮರಳಿ ಬರುತ್ತದೆಯೇ ಎಂದು ನೋಡುತ್ತೇವೆ. ಗೊತ್ತಿರುವ ಸಿಗ್ನಲ್ ಕೊಟ್ಟು ಉಪಕರಣವನ್ನು ಪರೀಕ್ಷಿಸುವ ನಿಮ್ಮ ಪದ್ಧತಿಯೇ ಇದು. ಇದನ್ನು ಪ್ಯಾರಾಮೀಟರ್ ರಿಕವರಿ ಎನ್ನುತ್ತಾರೆ. ಆಟದ ಸುತ್ತುಗಳು ಕಡಿಮೆಯಿದ್ದರೆ, ನಿಧಾನವಾಗಿ ಕಲಿಯುವವನಿಗೂ, ಬೇಗ ಕಲಿತು ಆಮೇಲೆ ಮನಸ್ಸಿಗೆ ಬಂದಂತೆ ಒತ್ತುವವನಿಗೂ ವ್ಯತ್ಯಾಸ ತಿಳಿಯದೆ ಮಾದರಿ ತಬ್ಬಿಬ್ಬಾಗುತ್ತದೆ. ಮೊದಲ ಆರು ತಿಂಗಳು ಇದರಲ್ಲೇ ಕಳೆದು, ಒಂದು ಪ್ರಬಂಧವೂ ಹೊರಬರದೆ, ಬಂದದ್ದೇ ತಪ್ಪಾಯಿತೇನೋ ಎಂದು ಅನ್ನಿಸುವುದುಂಟು. ಹಾಗೆ ಅನ್ನಿಸದವರ ಬಗ್ಗೆಯೇ ನನಗೆ ಹೆಚ್ಚು ಅನುಮಾನ.

ಇನ್ನು ಮನೋರೋಗದ ಅರಿವು. ಅದು ಪುಸ್ತಕದಿಂದ ಸ್ವಲ್ಪ ಬರುತ್ತದೆ, ಹೊರರೋಗಿ ವಿಭಾಗದ ಮೂಲೆಯ ಕುರ್ಚಿಯಲ್ಲಿ ಕೂತರೆ ಹೆಚ್ಚು ಬರುತ್ತದೆ. ಖಿನ್ನತೆಯ ತೀವ್ರತೆಯನ್ನು ಅಳೆಯುವ ಹ್ಯಾಮಿಲ್ಟನ್ ಮಾಪಕದಲ್ಲಿ 17 ಅಂಶಗಳಿವೆ. ನಿದ್ದೆಯಿಲ್ಲದೆ, ಊಟ ಸೇರದೆ, ತೂಕ ಇಳಿದು ಬಂದವರೊಬ್ಬರು 20 ಅಂಕ ಪಡೆಯಬಹುದು. ಊಟ ನಿದ್ದೆ ತಕ್ಕಮಟ್ಟಿಗೆ ಇದ್ದೂ ತಪ್ಪಿತಸ್ಥ ಭಾವದಲ್ಲಿ, ಸಾವಿನ ಯೋಚನೆಯಲ್ಲಿ ಮುಳುಗಿದವರೂ ಅದೇ 20 ಪಡೆಯಬಹುದು. ನಿಮ್ಮ ದತ್ತಾಂಶದ ಪಟ್ಟಿಯಲ್ಲಿ ಇಬ್ಬರೂ ಒಂದೇ ಸಂಖ್ಯೆ. ಅವರಿಬ್ಬರನ್ನೂ ಎದುರಿಗೆ ಕಂಡವರು ಮಾತ್ರ ಆ ಸಂಖ್ಯೆಯ ಮೇಲೆ ಗಣಿತ ಕಟ್ಟುವಾಗ ಕೈ ಹಿಡಿತದಲ್ಲಿಟ್ಟುಕೊಳ್ಳುತ್ತಾರೆ.

ಆದ್ದರಿಂದ ಲ್ಯಾಬ್ ಹುಡುಕುವಾಗ ಪ್ರಾಧ್ಯಾಪಕರ ಖ್ಯಾತಿಯನ್ನು ಎರಡನೆಯದಾಗಿ ನೋಡಿ. ವಾರದ ಸಭೆಯಲ್ಲಿ ಮನೋವೈದ್ಯರೂ ಮಾದರಿ ಕಟ್ಟುವವರೂ ಒಂದೇ ಮೇಜಿನ ಸುತ್ತ ಕೂರುತ್ತಾರೆಯೇ, ತಿಂಗಳಿಗೆ ಎಷ್ಟು ರೋಗಿಗಳು ಪ್ರಯೋಗಕ್ಕೆ ಬರುತ್ತಾರೆ, ಅವರನ್ನು ಮಾತನಾಡಿಸುವವರು ಯಾರು ಎಂದು ಮೊದಲು ಕೇಳಿ. ಲಂಡನ್ನಿನಲ್ಲಿ 2014ರಲ್ಲಿ ಆರಂಭವಾದ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸೊಸೈಟಿ ಮತ್ತು ಯುನಿವರ್ಸಿಟಿ ಕಾಲೇಜ್ ಲಂಡನ್ (ಯುಸಿಎಲ್) ಜಂಟಿ ಕೇಂದ್ರ, ಜೂರಿಕ್‌ನಲ್ಲಿ ಕ್ಲಾಸ್ ಎನ್ನೋ ಸ್ಟೀಫನ್ ಅವರ ಟ್ರಾನ್ಸ್‌ಲೇಷನಲ್ ನ್ಯೂರೋಮಾಡೆಲಿಂಗ್ ಘಟಕ, ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಶಾಲೆಯ ಕೇಂದ್ರ, ಯೇಲ್ ಮತ್ತು ಬ್ರೌನ್ ವಿಶ್ವವಿದ್ಯಾಲಯಗಳ ಗುಂಪುಗಳು ಈ ಕ್ಷೇತ್ರದಲ್ಲಿ ಹೆಸರಾದವು. ದಯಾನ್ ಅವರು ಈಗ ಇರುವ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಸಿದ್ಧಾಂತದ ಕಡೆಗೆ ಹೆಚ್ಚು ವಾಲುತ್ತದೆ.

ಪ್ರಶ್ನೆ: ಪ್ರೋಗ್ರಾಮ್ ಬರೆಯಲು ಪೈಥಾನ್ ಕಲಿಯಲೋ ಮ್ಯಾಟ್‌ಲ್ಯಾಬ್ ಕಲಿಯಲೋ?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಪೈಥಾನ್. ಹಳೆಯ ಲ್ಯಾಬ್‌ಗಳಲ್ಲಿ ಮ್ಯಾಟ್‌ಲ್ಯಾಬ್‌ನ ಕಡತಗಳು ಕಪಾಟು ತುಂಬ ಇರುತ್ತವೆ, ಅವನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಬಂದರೆ ಸಾಕು. ಅಂಕಿಅಂಶದ ಕೆಲಸಕ್ಕೆ ಆರ್ ಭಾಷೆಯನ್ನೂ ಸ್ವಲ್ಪ ಕಲಿಯಿರಿ.

ಪ್ರಶ್ನೆ: ಮಗಳಿಗೆ 29 ವರ್ಷ. ಪಿಎಚ್‌.ಡಿ. ಮುಗಿಯಿತು ಎಂದು ನೆಮ್ಮದಿಯಾಗಿದ್ದೆವು. ಈಗ ಮತ್ತೆ ಎರಡು ವರ್ಷ ತರಬೇತಿಗೆಂದು ಹೊರದೇಶಕ್ಕೆ ಹೋಗುತ್ತೇನೆ ಎನ್ನುತ್ತಾಳೆ. ಇದು ಓದೋ, ಉದ್ಯೋಗವೋ? ಸಂಬಳ ಇರುತ್ತದೆಯೇ? ನಂತರ ಕೆಲಸ ಖಾತರಿಯೇ?
(ನಿವೃತ್ತ ಶಿಕ್ಷಕರು, ತುಮಕೂರು)

ಉತ್ತರ: ಹಿರಿಯರೇ, ಕಾನೂನು ಪದವಿ ಪಡೆದವರು ಸ್ವಂತ ಕಚೇರಿ ತೆರೆಯುವ ಮೊದಲು ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಕೂರುವುದಿಲ್ಲವೇ, ಇದನ್ನೂ ಹಾಗೆ ತಿಳಿಯಿರಿ. ಜೂನಿಯರ್ ವಕೀಲರಿಗಿಂತ ಸಂಬಳದ ವಿಷಯದಲ್ಲಿ ನಿಮ್ಮ ಮಗಳ ಸ್ಥಿತಿ ಮೇಲು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಅನುದಾನದ ಯೋಜನೆಗಳಲ್ಲಿ ಪಿಎಚ್‌.ಡಿ. ಆದ ರಿಸರ್ಚ್ ಅಸೋಸಿಯೇಟ್‌ಗಳಿಗೆ 2023ರಲ್ಲಿ ಪರಿಷ್ಕರಿಸಿದ ದರದಂತೆ ಅನುಭವಕ್ಕೆ ತಕ್ಕಂತೆ ತಿಂಗಳಿಗೆ 58,000, 61,000 ಅಥವಾ 67,000 ರೂಪಾಯಿ ಇದ್ದು, ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತರಬೇತಿ ಅನುದಾನಗಳಲ್ಲಿ ಮೊದಲ ವರ್ಷದ ಪೋಸ್ಟ್‌ಡಾಕ್‌ಗೆ 2024ರಲ್ಲಿ ನಿಗದಿಯಾದ ಮೊತ್ತ ವರ್ಷಕ್ಕೆ 61,008 ಡಾಲರ್, ಬಹಳಷ್ಟು ವಿಶ್ವವಿದ್ಯಾಲಯಗಳು ತಮ್ಮ ಸಂಬಳವನ್ನು ಇದನ್ನೇ ನೋಡಿ ಗೊತ್ತುಮಾಡುತ್ತವೆ. ದೊಡ್ಡ ನಗರದ ಬಾಡಿಗೆ ಕಳೆದರೆ ಇದು ಕೇಳಿದಷ್ಟು ದೊಡ್ಡ ಮೊತ್ತವಲ್ಲ.

ಮಗಳ ಕೈಯಲ್ಲಿರುವ ಪತ್ರವನ್ನು ಒಮ್ಮೆ ಅವಳ ಜೊತೆ ಕೂತು ಓದಿ. ಅದು ಉದ್ಯೋಗದ ಕರಾರೋ, ಸ್ಟೈಪೆಂಡ್ ಕೊಡುವ ಫೆಲೋಶಿಪ್ಪೋ ಎಂಬುದನ್ನು ನೋಡಬೇಕು. ಯುರೋಪಿನಲ್ಲಿ ಕರಾರಾದರೆ ಆರೋಗ್ಯ ವಿಮೆ, ಪಿಂಚಣಿ ಕಂತು, ಹೆರಿಗೆ ರಜೆ ಮುಂತಾದವು ಸಾಮಾನ್ಯವಾಗಿ ಅದರೊಳಗೇ ಬರುತ್ತವೆ, ಸ್ಟೈಪೆಂಡ್ ಆದರೆ ಹಲವನ್ನು ತಾನೇ ನೋಡಿಕೊಳ್ಳಬೇಕಾಗಬಹುದು. ಕರಾರು ಒಂದೊಂದೇ ವರ್ಷಕ್ಕೆ ನವೀಕರಣವಾಗುವಂಥದ್ದೇ ಅಥವಾ ಒಟ್ಟಿಗೆ ಎರಡು ವರ್ಷಕ್ಕೋ ಎಂಬುದನ್ನೂ ಕೇಳಿಕೊಳ್ಳಲಿ. ಕೆಲಸ ಖಾತರಿಯೇ ಎಂದರೆ, ಇಲ್ಲ. ಪ್ರಾಧ್ಯಾಪಕ ಹುದ್ದೆಗಳಿಗಿಂತ ಪೋಸ್ಟ್‌ಡಾಕ್‌ಗಳ ಸಂಖ್ಯೆ ಎಲ್ಲ ದೇಶಗಳಲ್ಲೂ ಹೆಚ್ಚು. ಈ ಕ್ಷೇತ್ರದಲ್ಲಿ ಕಲಿಯುವ ಸಂಭವಶಾಸ್ತ್ರ, ಮಾದರಿ ಕಟ್ಟುವಿಕೆ, ದೊಡ್ಡ ದತ್ತಾಂಶವನ್ನು ಶುಚಿಯಾಗಿ ಇಟ್ಟುಕೊಳ್ಳುವ ಕೈಚಳಕ ಹೊರಗಿನ ಕಂಪನಿಗಳಲ್ಲಿ ಬೇಡಿಕೆಯಿರುವ ವಿದ್ಯೆಗಳೇ ಆದ್ದರಿಂದ ಬರಿಗೈಯಲ್ಲಿ ಕೂರುವ ಪ್ರಸಂಗ ವಿರಳ. ಮದುವೆಯ ಮಾತನ್ನು ಮುಂದೂಡುತ್ತಿದ್ದಾಳೆ ಎಂದೂ ಬರೆದಿದ್ದೀರಿ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಿಮ್ಮ ಮನೆಯಲ್ಲೇ ಇದ್ದಾಳೆ, ನಾನಲ್ಲ.

ಪ್ರಶ್ನೆ: ನಾನು ಮನೋವೈದ್ಯ, ಎಂ.ಡಿ. ಆಗಿ ಆರು ವರ್ಷ. ಪಿಎಚ್‌.ಡಿ. ಇಲ್ಲ. ಗಣಿತವನ್ನು ಪಿಯುಸಿಯಲ್ಲೇ ಬಿಟ್ಟೆ. ನನಗೂ ದಾರಿ ಇದೆಯೇ?
(ವೈದ್ಯರು, ದಾವಣಗೆರೆ)

ಉತ್ತರ: ಇದೆ, ಡಾಕ್ಟರೇ. ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ನಮ್ಮ ನಿಮ್ಹಾನ್ಸ್‌ನಲ್ಲಿ ಎಂ.ಡಿ. ನಂತರ ಸೇರುವ ಒಂದು ವರ್ಷದ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಎಂಬುದು ನಿರ್ದಿಷ್ಟ ಉಪಶಾಖೆಯಲ್ಲಿ ಚಿಕಿತ್ಸೆಯ ನೈಪುಣ್ಯ ಗಳಿಸುವ ತರಬೇತಿ. ಹೆಸರು ಒಂದೇ ಆದರೂ ಈ ಅಂಕಣದಲ್ಲಿ ಹೇಳುತ್ತಿರುವ ಸಂಶೋಧನಾ ಪೋಸ್ಟ್‌ಡಾಕ್ ಬೇರೆ. ಎರಡನೆಯದಕ್ಕೆ ಹೊರದೇಶದ ಅನೇಕ ಜಾಹೀರಾತುಗಳಲ್ಲಿ ಪಿಎಚ್‌.ಡಿ. ಅಥವಾ ಎಂ.ಡಿ. ಎಂದೇ ಬರೆದಿರುತ್ತಾರೆ. ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯಿರುವ, ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್‌ನ ಇಂಡಿಯಾ ಅಲಯನ್ಸ್ ಸಂಸ್ಥೆಯು ವೈದ್ಯ ಸಂಶೋಧಕರಿಗಾಗಿಯೇ ಪ್ರತ್ಯೇಕ ಫೆಲೋಶಿಪ್‌ಗಳನ್ನು ಕೊಡುತ್ತಾ ಬಂದಿದೆ, ಅದರ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಿ.

ವೈದ್ಯರು ಈ ಶಾಸ್ತ್ರದಲ್ಲಿ ಹೊರಗಿನವರೇನಲ್ಲ. ಮೇಲೆ ಹೇಳಿದ ಡೋಲನ್ ಮನೋವೈದ್ಯರು. ಈ ಕ್ಷೇತ್ರದ ಮತ್ತೊಬ್ಬ ಪ್ರಮುಖ ಸಂಶೋಧಕ ಕ್ವೆಂಟಿನ್ ಹೈಸ್ ವೈದ್ಯಶಿಕ್ಷಣದ ಜೊತೆಗೆ ಲಂಡನ್ನಿನ ಗ್ಯಾಟ್ಸ್‌ಬಿ ಘಟಕದಲ್ಲಿ ಪಿಎಚ್‌.ಡಿ. ಮಾಡಿದವರು. ಮುಂದೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಜೆಫ್ರಿ ಹಿಂಟನ್ 1998ರಲ್ಲಿ ಕಟ್ಟಿದ ಘಟಕ ಅದು.

ಗಣಿತದ ಬಗ್ಗೆ ಹೆದರಬೇಡಿ ಎಂದು ಸಮಾಧಾನದ ಮಾತಾಡುವುದಿಲ್ಲ, ಏಕೆಂದರೆ ಅದನ್ನು ಕಲಿಯಲೇಬೇಕು. ಸಂಭವನೀಯತೆ, ಬೇಯ್ಸ್ ಸೂತ್ರ, ಮ್ಯಾಟ್ರಿಕ್ಸ್‌ಗಳು, ಸ್ವಲ್ಪ ಕಲನಶಾಸ್ತ್ರ, ಇಷ್ಟನ್ನು ಮೊದಲಿನಿಂದ ತಿರುವಿ ಹಾಕಿ. ಕ್ಲಿನಿಕ್ ಮುಗಿದ ಮೇಲೆ ದಿನಕ್ಕೆ ಒಂದು ಗಂಟೆಯಂತೆ ಕೂತರೆ ಒಂದು ವರ್ಷ ಬೇಕಾದೀತು. ಅಂತರ್ಜಾಲದಲ್ಲಿ ನಡೆಯುವ ನ್ಯೂರೋಮ್ಯಾಚ್ ಅಕಾಡೆಮಿಯ ಬೇಸಿಗೆ ಶಾಲೆ 2020ರಲ್ಲಿ ಶುರುವಾಗಿದ್ದು, ಅದರ ಶುಲ್ಕ ನಮ್ಮಂಥ ದೇಶದವರಿಗೆ ಕಡಿಮೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ 2010ರಲ್ಲಿ ಆರಂಭವಾದ ಕ್ಯಾಂಪ್ ಎಂಬ ಶಾಲೆ ನೆನಪಿನ ಶಕ್ತಿ ಮತ್ತು ನರಜಾಲಗಳ ಗಣನೆಯನ್ನು ಹೇಳಿಕೊಡುತ್ತದೆ. ಅಲ್ಲಿ ಮನೋರೋಗದ ಮಾತು ಕಡಿಮೆ, ಬುನಾದಿ ಮಾತ್ರ ಗಟ್ಟಿ. ಜೂರಿಕ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಂಪ್ಯೂಟೇಶನಲ್ ಸೈಕಿಯಾಟ್ರಿ ಕೋರ್ಸ್ ನೇರವಾಗಿ ವಿಷಯಕ್ಕೇ ಇಳಿಯುತ್ತದೆ.

ಅಭ್ಯಾಸಕ್ಕೆ ದತ್ತಾಂಶ ಬೇಕೆಂದರೆ ಲಾಸ್ ಏಂಜಲೀಸ್‌ನಲ್ಲಿ ಸಂಗ್ರಹಿಸಿದ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಒಂದು ಸಂಗ್ರಹ ಓಪನ್‌ನ್ಯೂರೋ ತಾಣದಲ್ಲಿದೆ. ಅದರಲ್ಲಿ 272 ಜನರಿದ್ದಾರೆ: ಕಾಯಿಲೆಯಿಲ್ಲದವರು 130, ಸ್ಕಿಜೋಫ್ರೇನಿಯಾ 50, ಮನಸ್ಥಿತಿ ವಿಪರೀತ ಏರಿಳಿಯುವ ಬೈಪೋಲಾರ್ 49, ಗಮನ ನಿಲ್ಲದ ಎಡಿಎಚ್‌ಡಿ 43. ಅದನ್ನು ತೆರೆದು ಒಂದು ಚಿಕ್ಕ ಪ್ರಶ್ನೆಯನ್ನಾದರೂ ಕೊನೆಮುಟ್ಟಿಸಿ, ಅದರ ಬಗ್ಗೆ ಹತ್ತು ಪುಟದ ಟಿಪ್ಪಣಿ ಬರೆದು ಅರ್ಜಿಯ ಜೊತೆಗೆ ಲಗತ್ತಿಸಿ. ಯಾವ ಪ್ರಮಾಣಪತ್ರಕ್ಕಿಂತಲೂ ಅದು ಹೆಚ್ಚು ತೂಗುತ್ತದೆ.

ಪ್ರಶ್ನೆ: ಅಮೆರಿಕದ ಒಂದು ತರಬೇತಿ ಕಾರ್ಯಕ್ರಮದ ಪ್ರಕಟಣೆಯಲ್ಲಿ ಆ ದೇಶದ ಪ್ರಜೆಗಳು ಮತ್ತು ಕಾಯಂ ನಿವಾಸಿಗಳು ಮಾತ್ರ ಎಂದಿದೆ. ಭಾರತೀಯರಿಗೆ ಬಾಗಿಲು ಮುಚ್ಚಿದಂತೆಯೇ?
(ಸಂಶೋಧನಾ ವಿದ್ಯಾರ್ಥಿ, ಮಂಗಳೂರು)

ಉತ್ತರ: ನೀವು ನೋಡಿರುವುದು ಟಿ32 ಎಂಬ ಅನುದಾನದ ಪ್ರಕಟಣೆ ಇರಬೇಕು. ಒಂದು ವಿಭಾಗಕ್ಕೆ ಇಂತಿಷ್ಟು ತರಬೇತಿ ಸ್ಥಾನಗಳೆಂದು ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕೊಡುವ ಹಣ ಅದು, ಅದಕ್ಕೆ ಪೌರತ್ವದ ನಿಯಮವಿದೆ. ಒಬ್ಬೊಬ್ಬರೇ ಅರ್ಜಿ ಹಾಕುವ ಎಫ್32ಕ್ಕೂ ಅದೇ ನಿಯಮ. ಆದರೆ ಅದೇ ಕಟ್ಟಡದಲ್ಲಿ, ಅದೇ ಪ್ರಾಧ್ಯಾಪಕರ ಸಂಶೋಧನಾ ಅನುದಾನದಿಂದ ಸಂಬಳ ಪಡೆಯುವ ಪೋಸ್ಟ್‌ಡಾಕ್ ಹುದ್ದೆಗೆ ಆ ನಿರ್ಬಂಧವಿಲ್ಲ. ಆದ್ದರಿಂದ ಕಾರ್ಯಕ್ರಮಕ್ಕೆ ಅರ್ಜಿ ಹಾಕುವ ಬದಲು ಪ್ರಾಧ್ಯಾಪಕರಿಗೆ ನೇರವಾಗಿ ಬರೆಯಿರಿ. ಪೋಸ್ಟ್‌ಡಾಕ್‌ನಿಂದ ಸ್ವತಂತ್ರ ಹುದ್ದೆಗೆ ಸೇತುವೆಯಾಗುವ ಕೆ99 ಎಂಬ ಅನುದಾನಕ್ಕೆ ವೀಸಾದ ಮೇಲಿರುವವರೂ ಅರ್ಹರು, ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ಮೀರಿರಬಾರದು ಎಂಬುದು ಅದರ ವಾಡಿಕೆಯ ಷರತ್ತು, ಅಂದರೆ ಲೆಕ್ಕವನ್ನು ಹೋದ ದಿನದಿಂದಲೇ ಇಟ್ಟುಕೊಳ್ಳಬೇಕು.

ಯುರೋಪಿನ ಮರಿ ಸ್ಕ್ವೊಡೊವ್‌ಸ್ಕಾ ಕ್ಯೂರಿ ಫೆಲೋಶಿಪ್ ಯಾವ ದೇಶದವರಿಗೂ ಉಂಟು. ಹೋಗಲಿರುವ ದೇಶದಲ್ಲಿ ಹಿಂದಿನ 36 ತಿಂಗಳುಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ನೆಲೆಸಿರಬಾರದು ಎಂಬ ಅದರ ಷರತ್ತು ಭಾರತದಲ್ಲೇ ಪಿಎಚ್‌.ಡಿ. ಮಾಡಿದ ನಿಮಗೆ ಅನುಕೂಲವೇ ಆಯಿತು. ಪ್ರಾಧ್ಯಾಪಕರಿಗೆ ಬರೆಯುವ ಪತ್ರದ ಬಗ್ಗೆ ಒಂದು ಮಾತು: ತಮ್ಮ ಶ್ರೇಷ್ಠ ಸಂಶೋಧನೆಯಿಂದ ಪ್ರಭಾವಿತನಾಗಿದ್ದೇನೆ ಎಂದು ಆರಂಭವಾಗುವ ಪತ್ರಗಳು ನನಗೇ ವಾರಕ್ಕೆ ಮೂರ್ನಾಲ್ಕು ಬರುತ್ತವೆ, ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಅವರ ಒಂದು ಪ್ರಬಂಧದ ಮಾದರಿಯನ್ನು ನೀವೇ ಚಲಾಯಿಸಿ ನೋಡಿ, ಮೂರನೆಯ ಚಿತ್ರದಲ್ಲಿ ತೋರಿಸಿದ ಫಲಿತಾಂಶ ನನಗೆ ಹೀಗೆ ಬಂತು, ಏಕಿರಬಹುದು ಎಂದು ಕೇಳಿದ ಪತ್ರಕ್ಕೆ ಉತ್ತರ ಬರದೇ ಇರುವುದು ಅಪರೂಪ.

ಪ್ರಶ್ನೆ: ನನ್ನ ತಮ್ಮನಿಗೆ ಎಂಟು ವರ್ಷಗಳಿಂದ ಸ್ಕಿಜೋಫ್ರೇನಿಯಾ. ಇಂಥ ಸಂಶೋಧನೆಯಿಂದ ಅವನ ಮಿದುಳನ್ನು ಸ್ಕ್ಯಾನ್ ಮಾಡಿ ಯಾವ ಮಾತ್ರೆ ಹಿಡಿಸುತ್ತದೆಂದು ಕಂಪ್ಯೂಟರೇ ಹೇಳುತ್ತದೆ ಎಂದು ಓದಿದೆ. ನಿಜವೇ? ಅವನನ್ನು ಇಂಥ ಪ್ರಯೋಗಕ್ಕೆ ಸೇರಿಸಬಹುದೇ?
(ಗೃಹಿಣಿ, ಶಿರಸಿ)

ಉತ್ತರ: ಅಮ್ಮಾ, ಇಂದಿನ ಮಟ್ಟಿಗೆ ಅದು ನಿಜವಲ್ಲ. ಸ್ಕಿಜೋಫ್ರೇನಿಯಾವನ್ನು ಗುರುತಿಸುವ ಅಥವಾ ಅದಕ್ಕೆ ಸರಿಯಾದ ಔಷಧವನ್ನು ಆರಿಸುವ ಸ್ಕ್ಯಾನ್ ಆಗಲಿ ಕಂಪ್ಯೂಟರ್ ಪರೀಕ್ಷೆಯಾಗಲಿ ಚಿಕಿತ್ಸೆಯ ಬಳಕೆಗೆ ಇನ್ನೂ ಬಂದಿಲ್ಲ. ಹಾಗೆ ಹೇಳಿ ಹಣ ಕೇಳುವವರಿದ್ದರೆ ದೂರವಿರಿ. ಈಗ ಕೊಡುತ್ತಿರುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ನೀವು ಓದಿದ ಸುದ್ದಿ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ವಿವರಿಸುತ್ತೇನೆ, ಏಕೆಂದರೆ ನಮ್ಮ ತರಬೇತಿಯ ಮುಖ್ಯ ಪಾಠವೂ ಅದೇ. ಒಂದು ಔಷಧ ಪ್ರಯೋಗದ ನೂರಾರು ರೋಗಿಗಳ ಮಾಹಿತಿಯನ್ನು ಕಂಪ್ಯೂಟರಿಗೆ ಉಣಿಸಿದರೆ, ಆ ಪ್ರಯೋಗದೊಳಗೆ ಯಾರು ಗುಣಮುಖರಾಗುತ್ತಾರೆಂದು ಅದು ಬಹಳ ಚೆನ್ನಾಗಿ ಹೇಳುತ್ತದೆ. ಆ ಫಲಿತಾಂಶ ಪತ್ರಿಕೆಗೆ ಬರುತ್ತದೆ. ಆದರೆ 2024ರಲ್ಲಿ ಆಡಮ್ ಚೆಕ್‌ರೌಡ್ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸ್ಕಿಜೋಫ್ರೇನಿಯಾದ ಔಷಧಗಳ ಬೇರೆ ಬೇರೆ ಪ್ರಯೋಗಗಳನ್ನು ತೆಗೆದುಕೊಂಡು, ಒಂದರಲ್ಲಿ ಪಳಗಿದ ಮಾದರಿಯನ್ನು ಅದು ಕಾಣದ ಇನ್ನೊಂದು ಪ್ರಯೋಗದ ರೋಗಿಗಳ ಮೇಲೆ ಹಚ್ಚಿ ನೋಡಿದರು. ಆಗ ಅದರ ಭವಿಷ್ಯ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಮೇಲಾಗಿರಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ಕಲಿಸಿದರೂ ಸುಧಾರಿಸಲಿಲ್ಲ. ಮಿದುಳಿನ ಚಿತ್ರಗಳನ್ನು ಓದುವುದರಲ್ಲೂ ಇಂಥ ತೊಡಕಿದೆ. ಮಿದುಳಿನ ಚಟುವಟಿಕೆಯನ್ನು ಸೆರೆಹಿಡಿಯುವ ಎಫ್‌ಎಂಆರ್‌ಐ ಸ್ಕ್ಯಾನ್‌ಗಳ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು ಅದೇ 9 ಪ್ರಶ್ನೆಗಳನ್ನು ಕೇಳಿದಾಗ ಯಾವ ಎರಡು ತಂಡಗಳ ವಿಶ್ಲೇಷಣೆಯ ವಿಧಾನವೂ ಒಂದೇ ಆಗಿರಲಿಲ್ಲ, ಹಲವು ಪ್ರಶ್ನೆಗಳಿಗೆ ಉತ್ತರಗಳೂ ಬೇರೆಯಾದವೆಂದು 2020ರಲ್ಲಿ ವರದಿಯಾಯಿತು. ಪೋಸ್ಟ್‌ಡಾಕ್ ಒಬ್ಬರು ಎರಡು ಮೂರು ವರ್ಷ ಕೂತು ಕಲಿಯುವುದು ತಮ್ಮದೇ ಫಲಿತಾಂಶವನ್ನು ಹೀಗೆ ಕೆಡವಿ ನೋಡುವುದನ್ನು.

ಹಾಗೆಂದು ಈ ಶಾಸ್ತ್ರ ನಿಮ್ಮ ತಮ್ಮನ ಬಗ್ಗೆ ಏನೂ ಹೇಳುವುದಿಲ್ಲವೆಂದಲ್ಲ. ಯಾರೂ ಮಾತಾಡದಿದ್ದರೂ ದನಿ ಕೇಳುತ್ತದೆ ಎನ್ನುತ್ತಾನೆ, ಹಟ ಮಾಡುತ್ತಾನೋ ಏನೋ ಎಂದು ಬರೆದಿದ್ದೀರಿ. 2017ರಲ್ಲಿ ಯೇಲ್‌ನ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಪರದೆಯ ಮೇಲೆ ಚೌಕಳಿ ಮೂಡಿದಾಗಲೆಲ್ಲ ಕ್ಷೀಣವಾದ ಒಂದು ನಾದವನ್ನು ಕೇಳಿಸಿ, ಆಮೇಲೆ ನಾದವಿಲ್ಲದೆ ಚೌಕಳಿಯನ್ನು ಮಾತ್ರ ತೋರಿಸಿದರು. ಆಗಲೂ ನಾದ ಕೇಳಿಸಿತು ಎಂದವರು ಎಲ್ಲ ಗುಂಪುಗಳಲ್ಲೂ ಇದ್ದರು, ಆದರೆ ದಿನನಿತ್ಯ ದನಿಗಳನ್ನು ಕೇಳುವವರಲ್ಲಿ, ಅವರು ರೋಗಿಗಳಾಗಿರಲಿ ಆಗಿಲ್ಲದಿರಲಿ, ಅದು ಹೆಚ್ಚಿತ್ತು. ಮಾದರಿಯ ಪ್ರಕಾರ ಅವರ ಮಿದುಳು ಕಿವಿಗೆ ಬೀಳುತ್ತಿರುವುದಕ್ಕಿಂತ ತನ್ನ ಹಿಂದಿನ ನಿರೀಕ್ಷೆಗೆ ಹೆಚ್ಚು ತೂಕ ಕೊಡುತ್ತಿತ್ತು. ಅಂದರೆ ನಿಮ್ಮ ತಮ್ಮನಿಗೆ ದನಿ ನಿಜವಾಗಿಯೂ ಕೇಳಿಸುತ್ತದೆ. ಅವನ ಜೊತೆ ಅದನ್ನು ವಾದಿಸಿ ಗೆಲ್ಲಲಾಗುವುದಿಲ್ಲ.

ಪ್ರಯೋಗಕ್ಕೆ ಸೇರಿಸಬಹುದು. ಇಂಥ ಅಧ್ಯಯನಗಳಿಂದ ಅವನಿಗೆ ನೇರ ಲಾಭ ಸಾಮಾನ್ಯವಾಗಿ ಇರುವುದಿಲ್ಲ, ಮುಂದಿನವರಿಗೆ ಆದೀತು. ಮಾನಸಿಕ ಆರೋಗ್ಯ ಪಾಲನೆಗೆ ಸಂಬಂಧಿಸಿದ 2017ರ ಕಾಯ್ದೆಯ ಪ್ರಕಾರ ಅವನಿಗೆ ಎಲ್ಲವನ್ನೂ ತಿಳಿಸಿ ಹೇಳಿ ಅವನ ಮುಕ್ತ ಒಪ್ಪಿಗೆಯನ್ನು ಪಡೆಯಬೇಕು. ನಡುವೆ ಬೇಡವೆನಿಸಿದರೆ ಬಿಟ್ಟು ಬರಬಹುದು, ಅದರಿಂದ ಅವನ ಚಿಕಿತ್ಸೆಗೆ ಧಕ್ಕೆಯಾಗಬಾರದು. ಒಪ್ಪಿಗೆ ಪತ್ರ ಕನ್ನಡದಲ್ಲಿ ಇಲ್ಲದಿದ್ದರೆ ಕೇಳಿ ಪಡೆಯಿರಿ. ತುರ್ತಾಗಿ ಯಾರನ್ನಾದರೂ ಮಾತಾಡಿಸಬೇಕೆನಿಸಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಬೆಂಗಳೂರಿನಲ್ಲೇ ಇದ್ದುಕೊಂಡು ಈ ಕೆಲಸ ಮಾಡಲು ಸಾಧ್ಯವೇ? ಇಂಗ್ಲಿಷಿನಲ್ಲಿ ರೂಪಿಸಿದ ಪ್ರಯೋಗಗಳನ್ನು ನಮ್ಮ ಜಿಲ್ಲಾ ಆಸ್ಪತ್ರೆಯ ರೋಗಿಗಳಿಗೆ ಹಾಗೆಯೇ ಅನುವಾದಿಸಿ ಕೊಡಬಹುದೇ?
(ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಮೊದಲನೆಯದಕ್ಕೆ ಉತ್ತರ ಚಿಕ್ಕದು. ನಿಮ್ಹಾನ್ಸ್‌ನಲ್ಲಿ ರೋಗಿಗಳೂ ವೈದ್ಯರೂ ಸ್ಕ್ಯಾನರ್‌ಗಳೂ ಇವೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಿಂದ ನರವಿಜ್ಞಾನ ಕೇಂದ್ರವಿದೆ, ಎನ್‌ಸಿಬಿಎಸ್‌ನಲ್ಲಿ ಗಣನೆಯ ಪರಂಪರೆಯಿದೆ. ಮೂರನ್ನೂ ಒಂದು ಬಸ್ ಪಾಸಿನಲ್ಲಿ ಸುತ್ತಿಬರಬಹುದು. ಮೂರನ್ನೂ ಒಳಗೊಂಡ ಒಂದು ಪೋಸ್ಟ್‌ಡಾಕ್ ಯೋಜನೆಯನ್ನು ನೀವೇ ಹೊಲಿದುಕೊಳ್ಳಬೇಕಾಗಬಹುದು, ಇಬ್ಬರು ಗೈಡ್‌ಗಳನ್ನು ಒಂದೇ ಅರ್ಜಿಯಲ್ಲಿ ಒಪ್ಪಿಸುವುದೇ ಅದರಲ್ಲಿ ಕಷ್ಟದ ಕೆಲಸ.

ಎರಡನೆಯದಕ್ಕೆ ನನ್ನದೇ ಒಂದು ಸೋಲನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ಎರಡು ಪೆಟ್ಟಿಗೆಗಳ ಆಟವನ್ನು ನಡೆಸುತ್ತಿದ್ದೆವು. ಪರದೆಯ ಮೇಲೆ ನೀಲಿ ಪೆಟ್ಟಿಗೆ ಒಂದು, ಹಳದಿ ಒಂದು. ಒಂದರಲ್ಲಿ ನಾಣ್ಯ ಹೆಚ್ಚು ಸಲ ಸಿಗುತ್ತದೆ, ಕೆಲವು ಸುತ್ತುಗಳ ನಂತರ ಅದು ಅದಲುಬದಲಾಗುತ್ತದೆ. ಸೂಚನೆಯನ್ನು ನಾನೇ ಅನುವಾದಿಸಿದ್ದೆ: ಅಧಿಕ ಸಂಭವನೀಯತೆಯುಳ್ಳ ಆಯ್ಕೆಯನ್ನು ಗುರುತಿಸಿ. ಮೊದಲ ದಿನ ಬಂದ ಹೆಂಗಸೊಬ್ಬರು ಅದನ್ನು ಎರಡು ಸಲ ಓದಿ, ‘ಇದು ಯಾವ ಇಲಾಖೆ ಪತ್ರ?’ ಎಂದು ಕೇಳಿದರು. ಅಂದೇ ಸಂಜೆ ಕೂತು, ಒಂದು ಪೆಟ್ಟಿಗೆಯಲ್ಲಿ ನಾಣ್ಯ ಹೆಚ್ಚು ಸಲ ಸಿಗುತ್ತದೆ, ಇನ್ನೊಂದರಲ್ಲಿ ಕಡಿಮೆ ಸಲ, ನಡುವೆ ಬದಲಾದರೂ ಆಗಬಹುದು ಎಂದು ತಿದ್ದಿದೆ, ಓದು ಬಾರದವರಿಗೆಂದು ಅದನ್ನೇ ದನಿಯಲ್ಲೂ ಮುದ್ರಿಸಿಕೊಂಡೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ಆಮೇಲೆ ಖಿನ್ನತೆಯ ಚಿಕಿತ್ಸೆಯಲ್ಲಿದ್ದ ರೈತರೊಬ್ಬರು ಬಂದರು. 120 ಸುತ್ತುಗಳಲ್ಲಿ ಅವರು ಹಳದಿಯನ್ನು ಒತ್ತಿದ್ದು ಆರು ಸಲ, ಉಳಿದದ್ದೆಲ್ಲ ನೀಲಿ. ಮಾದರಿ ಅವರ ಕಲಿಕೆಯ ದರವನ್ನು 0.03 ಎಂದು ಕೊಟ್ಟಿತು. ಖಿನ್ನತೆಯಲ್ಲಿ ಪ್ರತಿಫಲದಿಂದ ಕಲಿಯುವ ಶಕ್ತಿ ಕುಂದಿದೆ ಎಂದು ಬರೆಯಲು ಇದಕ್ಕಿಂತ ಒಳ್ಳೆಯ ಅಂಕಿ ಬೇಕಿರಲಿಲ್ಲ. ಹೊರಡುವಾಗ, ನೀಲಿಯಲ್ಲಿ ನಾಣ್ಯ ಬರುವುದು ನಿಂತದ್ದು ಗೊತ್ತಾಗಲಿಲ್ಲವೇ ಎಂದು ಸುಮ್ಮನೆ ಕೇಳಿದೆ. ‘ಗೊತ್ತಾಯ್ತು ಸಾರ್. ಆದ್ರೆ ಬಾವಿ ತೋಡೋವಾಗ ನಾಲ್ಕಡಿಗೊಂದು ಜಾಗ ಬದಲಾಯಿಸ್ತಾ ಹೋದ್ರೆ ನೀರು ಸಿಗುತ್ತಾ?’ ಎಂದರು. ಬದಲಾವಣೆಯನ್ನು ಅವರು ನಮ್ಮಷ್ಟೇ ಬೇಗ ಗುರುತಿಸಿದ್ದರು. ಪಟ್ಟು ಬಿಡದಿರುವುದೇ ಜಾಣತನವೆಂದು ಬಾಳು ಕಲಿಸಿದ್ದ ಮನುಷ್ಯನನ್ನು ನಮ್ಮ ಸೂತ್ರ ಕಲಿಯಲಾರದವನೆಂದು ಓದಿತ್ತು.

ಅಂತರ್ಜಾಲದ ಮೂಲಕ ಇಂಥ ಪ್ರಯೋಗಗಳನ್ನು ಸಾವಿರಾರು ಜನರ ಮೇಲೆ ನಡೆಸುವುದು ಈಗ ಸುಲಭ. 2016ರಲ್ಲಿ ಕ್ಲೇರ್ ಗಿಲ್ಲನ್ ಮತ್ತು ಸಂಗಡಿಗರು ಸುಮಾರು 2,000 ಜನರಿಂದ ಹೀಗೆ ಪಡೆದ ಮಾಹಿತಿಯಲ್ಲಿ, ಗೀಳಿನ ಲಕ್ಷಣಗಳು ಹೆಚ್ಚಿದ್ದವರು ಗುರಿಯನ್ನು ಮುಂದಿಟ್ಟು ಯೋಜಿಸುವ ಬದಲು ಅಭ್ಯಾಸಬಲದಿಂದ ಆರಿಸುವುದನ್ನು ಕಂಡರು, ಅದು ಮೌಲಿಕವಾದ ಕೆಲಸವೇ. ಆದರೆ ಪರದೆಯಾಚೆ ಇರುವ ಆ ಜನರನ್ನು ಹೊರಡುವಾಗ ಒಂದು ಮಾತು ಕೇಳಲಾಗುವುದಿಲ್ಲ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಜನ ಕಡಿಮೆ ಸಿಕ್ಕಾರು, ಮಾತು ಮಾತ್ರ ಸಿಗುತ್ತದೆ. ಸ್ಕಿಜೋಫ್ರೇನಿಯಾದ ಕೆಲವು ಮಾತ್ರೆಗಳಿಂದ ಕೈ ಬಿಗಿಯಾಗಿ ಗುಂಡಿ ಒತ್ತುವುದು ತಡವಾಗುತ್ತದೆ, ಅದನ್ನು ನಿಧಾನ ಯೋಚನೆ ಎಂದು ಲೆಕ್ಕ ಹಾಕಿಬಿಡಬೇಡಿ. ಊರಿಗೆ ಹಿಂದಿರುಗುವ ಕೊನೆಯ ಬಸ್ಸಿನ ವೇಳೆಯನ್ನು ಕೇಳಿಕೊಂಡು ಪ್ರಯೋಗ ಶುರುಮಾಡಿ, ಇಲ್ಲವಾದರೆ ಕೊನೆಯ ಮೂವತ್ತು ಸುತ್ತುಗಳಲ್ಲಿ ನೀವು ಅಳೆಯುತ್ತಿರುವುದು ಬಸ್ಸಿನ ಚಿಂತೆಯನ್ನು.

ಆ ರೈತರು ಹೋದ ಮೇಲೆ ನಮ್ಮ ಅಭ್ಯಾಸ ಸುತ್ತಿಗೆ ಒಂದು ಪ್ರಶ್ನೆಯನ್ನು ಸೇರಿಸಿದೆವು: ಒಂದು ಪೆಟ್ಟಿಗೆ ಕೈಕೊಟ್ಟರೆ ಬಿಟ್ಟು ಇನ್ನೊಂದಕ್ಕೆ ಹೋಗಬಹುದೇ? ಹೋಗಬಾರದು ಎಂದವರಿಗೆ ಈ ಆಟದಲ್ಲಿ ಹೋಗಬಹುದೆಂದು ಮತ್ತೆ ತಿಳಿಸಿ ಹೇಳುತ್ತೇವೆ, ಮೊದಲು ಕೊಟ್ಟ ಉತ್ತರವನ್ನು ಹಾಗೆಯೇ ಬರೆದಿಟ್ಟುಕೊಳ್ಳುತ್ತೇವೆ.